ದಶರಥನ ಹೆಬ್ಬೆಟ್ಟು

ಸತ್ತ ಗಂಡ ದಿನಾ ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ ಎಂದು ಮಾಣಿಕಮ್ಮ ಹೇಳಿದಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹಾಲಿನವನು ಬರುತ್ತಾನೆ ಎನ್ನುವಷ್ಟು ಸಹಜವಾಗಿ ಆಕೆ ಅದನ್ನು ಹೇಳಿದ್ದಳು.

ನಾನು ದೇವಿಂದ್ರ. ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಭೂತ ಪ್ರೇತದ ಮಾತೆಂದರೆ ನನಗೆ ಮೈ ಉರಿಯುತ್ತದೆ. ನಾನು ಬಾಡಿಗೆಗಿರುವ ಮನೆ ಅಖ್ತರ ಬೇಗಂ ಅವರದು. ಚಿತ್ತಾಪುರದ ನೋಂದಣಿ ಕಚೇರಿಯಲ್ಲಿ ಜನರ ಹೆಬ್ಬೆಟ್ಟು ಒತ್ತಿಸಿಕೊಂಡೇ ನಿವೃತ್ತರಾದ, ಅಕ್ಕ ಎಂಬಂತೆ ಎಲ್ಲರೂ 'ಆಪಾ' ಎಂದೇ ಕರೆಯುವ ಇವರು, ಸುತ್ತಲ ಊರವರ ಬಿಡಿಸಲಾಗದ ತಂಟೆಗಳನ್ನೆಲ್ಲ ಬಿಡಿಸುತ್ತಾರೆ. ನಾನು ಜೊತೆಗೆ ಹೋಗಿ ತಪ್ಪು ಮನುಷ್ಯನ ಮೇಲೆ ಅನುಮಾನಪಡುತ್ತೇನೆ.

"ಬಂದು ಏನ್ ಮಾಡ್ತಾನವ್ವಾ?" ಆಪಾ ಕೇಳಿದರು.

"ಮಾತಾಡಂಗಿಲ್ರಿ. ನನ್ನ ಕೈ ನೋಡಕೋತ ನಿಂದರ್ತಾನ."

ನನ್ನ ಕಣ್ಣೂ ಆಕೆಯ ಕೈಗೆ ಹೋಯಿತು. ಬಲಗೈ ಹೆಬ್ಬೆರಳಿಗೆ ಅಡ್ಡಲಾಗಿ ಗಾಯದ ಗುರುತಿತ್ತು. ಅದೇನೆಂದು ಆಪಾ ಕೇಳಿದರು.

"ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವಾಗ ಈಳಗಿ ತಾಕ್ತ್ರಿ. ವಾಡಿ ದವಾಖಾನ್ಯಾಗ ಮೂರು ಹೊಲಿಗಿ ಹಾಕ್ಯಾರ."

ಆಮೇಲೆ ಆಕೆ ವಿಷಯಕ್ಕೆ ಬಂದಳು. ಗಂಡ ದಶರಥ ರಾವೂರ ಹತ್ತಿರದ ಸುಣ್ಣಕಲ್ಲಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಅಲ್ಲಿ ಸಂಬಳದಿಂದ ತಿಂಗಳಾ ಸ್ವಲ್ಪ ಹಿಡಿದು ನಿವೃತ್ತಿಯ ಖಾತೆಗೆ ಹಾಕುತ್ತಾರೆ. ಆ ಹಣ ಷೇರಿಗೋ ಸರಕಾರಿ ಬಾಂಡಿಗೋ ಎಂದು ಪ್ರತಿ ಮಾರ್ಚ್‌ನಲ್ಲಿ ಕೆಲಸಗಾರನೇ ಬರೆದುಕೊಡಬೇಕು. ದಶರಥ ಎಂಟು ವರ್ಷ ಷೇರನ್ನೇ ಆರಿಸಿದ್ದ.

"ಈ ಸಲ 'ಇನ್ನ ಎರಡೇ ವರ್ಷ ಸರ್ವಿಸ್ ಉಳದದ, ಷೇರ್ ಬಿದ್ರ ಏಳೋತನಕ ಕಾಯಾಕ ಆಗಂಗಿಲ್ಲ, ಎಲ್ಲಾ ಬಾಂಡಿಗೆ ಬರಸೀನಿ' ಅಂದಿದ್ದ. ಜುಲೈದಾಗ ಚೀಟಿ ಬಂತು. ರೊಕ್ಕೆಲ್ಲಾ ಷೇರಿನಾಗೇ ಅದ, ಮೂರರಾಗ ಒಂದು ಪಾಲು ಹೋಗ್ಯದ ಅಂತ ಪಕ್ಕದ ಮನಿ ಹುಡಿಗಿ ಓದಿ ಹೇಳಿದ್ಲು. ನಾ ಸುಳ್ಳಬುರುಕ ಅಂದೆ. ಅಂವ ಬಾಂಡೇ ಬರಸೀನಿ ಅಂತ ಆಣಿ ಮಾಡಿದ. ನಾ ಕೇಳಲಿಲ್ಲ. ಮರದಿನ ಗಣ್ಯಾಗ ಎದಿ ಹಿಡಕೊಂಡು ಬಿದ್ದ." ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ರೊಕ್ಕ ಹೋದ್ರ ಹೋಗ್ಲಿ ಆಪಾ. ಅಂವ ನನಗ ಸುಳ್ಳ ಹೇಳಿದ್ನೋ ಇಲ್ಲೋ? ಅಷ್ಟು ಹೇಳ್ರಿ ಸಾಕು."

ಎದ್ದು ಹೊರಟವಳು ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು. "ಇನ್ನೊಂದದರಿ. ಕಲ್ಲು ಹಿಡಿದು ಹಿಡಿದು ಅಂವನ ಹೆಬ್ಬೆಟ್ಟಿನ ಗೆರಿ ಸವದಿದ್ವು. ಒತ್ತಿದ್ರ ಬರೇ ಮಸಿ ಗುಡ್ಡಿ. ಅದಕ್ಕ ಅಂವನ ಕಾಗದಕ್ಕೆಲ್ಲಾ ನಾನೇ ಒತ್ತತಿದ್ದೆ. ಗಣಿ ಮಂದಿ ಮನ್ಯಾಗ ಹಿಂಗೇ ನಡೀತದ. ನಾನೇ ಒತ್ತೀನಿ, ಆದ್ರ ಏನು ಬರದಿತ್ತೋ ನನಗ ತಿಳೀದು."

ಮರುದಿನ ಕಂಪನಿಯ ಕಚೇರಿಗೆ ಹೋದೆವು. ಮ್ಯಾನೇಜರ್ ಸಂಘಪಾಲ ಒಳ್ಳೆಯ ಮನುಷ್ಯ. ದಶರಥನ ಹೆಸರಿನ ಒಂಬತ್ತು ಫಾರ್ಮುಗಳನ್ನು ಮೇಜಿನ ಮೇಲೆ ಹರಡಿದರು. ಈ ವರ್ಷದ್ದರಲ್ಲಿ ಮಾರ್ಚ್ ಇಪ್ಪತ್ತೆಂಟರ ತಾರೀಖು, ಕೆಳಗೆ 'ಪೂರ್ತಿ ಷೇರಿಗೆ' ಎಂದು ಬರೆದಿತ್ತು.

"ಆ ಹೆಣಮಗಳು ತಕರಾರು ಕೊಟ್ಟ ಮ್ಯಾಲೆ ನಾನೇ ತಗಸಿ ನೋಡೀನ್ರಿ. ಒಂಬತ್ತರಾಗೂ ಒಂದೇ ಹೆಬ್ಬೆಟ್ಟು ಅದ" ಎಂದರು.

ಆಪಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನನಗೂ ತೋರಿಸಿದರು. ಒಂದೇ ಬೆರಳು, ಸಂಶಯವಿಲ್ಲ. ಈ ವರ್ಷದ ಗುರುತಿನ ನಡುವೆ ಮಾತ್ರ ಒಂದು ಬಿಳಿ ಗೆರೆ ಹಾದಿತ್ತು. ಕಾಗದ ಮಡಿಚಿದ್ದಿರಬೇಕು ಎಂದುಕೊಂಡೆ.

ಫಾರ್ಮು ಬರೆಯುವ ಗುಮಾಸ್ತ ರಾಮಲಿಂಗ ಮೂಲೆಯಲ್ಲಿದ್ದ. ದಶರಥನ ಹಳೆಯ ಗೆಳೆಯನಂತೆ. ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ಕೂತಿದ್ದ. ನಾನು ಹಿಂದಿನಿಂದ ಕೆಮ್ಮಿದ್ದಕ್ಕೆ ಅವನ ಕೈಯ ಪೆನ್ನು ಕೆಳಗೆ ಬಿತ್ತು.

"ಅಂವ ಹೇಳಿದ್ದೇ ಬರದೀನ್ರಿ" ಎಂದ. ಅಷ್ಟೇ.

ನನ್ನ ಅನುಮಾನವೆಲ್ಲ ಅಸದನ ಮೇಲಿತ್ತು. ಅಸದ ಷೇರು ಫಂಡಿನ ಏಜೆಂಟ್. ಮಾರ್ಚ್ ತಿಂಗಳಿಡೀ ಗಣಿಯ ಗೇಟಿನಲ್ಲಿ ನಿಂತು 'ಷೇರಿನಾಗೇ ಇಡ್ರಿ' ಎಂದು ಎಲ್ಲರ ತಲೆ ತಿಂದವನು. ಹಣ ಷೇರಿನಲ್ಲಿದ್ದಷ್ಟೂ ಅವನಿಗೆ ಕಮಿಷನ್. ಸಾಲದ್ದಕ್ಕೆ ದಶರಥ ಸತ್ತ ಮೂರನೆಯ ದಿನ ಮನೆಗೆ ಹೋಗಿ ಮಾಣಿಕಮ್ಮನಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಅದೇ ದಿನ ರಾಮಲಿಂಗನೂ ಕಂಪನಿಯ ಏಳೆಂಟು ಕಾಗದ ತಂದು ಒತ್ತಿಸಿಕೊಂಡಿದ್ದ.

"ಅಸದನೇ. ಇನ್ನೇನು ನೋಡೋದದ?" ಎಂದು ದಾರಿಯುದ್ದಕ್ಕೂ ಒದರಿದೆ.

"ಜರಾ ಸುಮ್ಕಿರು ದೇವಿಂದ್ರ" ಎಂದ ಆಪಾ ನನ್ನನ್ನು ವಾಡಿಯ ದವಾಖಾನೆಗೆ ಕರೆದೊಯ್ದು, ಹಳೆಯ ಚೀಟಿಯೊಂದರ ನಕಲು ಬರೆಸಿಕೊಂಡರು.

ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಮಾಣಿಕಮ್ಮನ ಮನೆಯಲ್ಲಿ ಸೇರಿದೆವು. ಹೊರಗೆ ಬಿಳಿ ಧೂಳು, ಕಣ್ಣು ಚುಚ್ಚುವ ಬಿಸಿಲು. ದಶರಥ ಬರುವ ಹೊತ್ತು ಅದೇ ಎಂದು ಮಾಣಿಕಮ್ಮನಿಗೂ ನಮ್ಮಿಬ್ಬರಿಗೂ ಗೊತ್ತಿತ್ತು. ಖಾಲಿ ಬಾಗಿಲಿನ ಕಡೆಗೆ ಯಾರೂ ನೋಡುತ್ತಿರಲಿಲ್ಲ. ಒಪ್ಪಿಕೊಳ್ಳುತ್ತೇನೆ, ನಾನೂ ನೋಡಲಿಲ್ಲ.

"ಕುಂದ್ರಿ ಎಲ್ಲಾರೂ" ಎಂದು ಆಪಾ ಶುರುಮಾಡಿದರು. "ಮ್ಯಾನೇಜರ್ ಸಾಹೇಬ್ರ, ಒಂಬತ್ತು ಫಾರ್ಮಿಗೂ ಒತ್ತಿದ್ದು ಈ ಮಾಣಿಕಮ್ಮ. ದಶರಥನ ಹೆಬ್ಬೆಟ್ಟಿನಾಗ ಗೆರಿ ಇರಲಿಲ್ಲ."

ಸಂಘಪಾಲ ಹುಬ್ಬು ಗಂಟಿಕ್ಕಿದರು. "ಅಂದ್ರ ಈ ವರ್ಷದ್ದೂ ಖರೇ ಆತಲ್ರಿ?"

"ಬೆರಳು ಖರೇ, ದಿನ ಸುಳ್ಳ. ಈ ಗುರುತಿನ ನಡುವಿನ ಬಿಳಿ ಗೆರಿ ನೋಡ್ರಿ. ಅದು ಗಾಯದ್ದು. ಗಾಯದ ಮ್ಯಾಲೆ ಮಸಿ ಹತ್ತಂಗಿಲ್ಲ." ಆಪಾ ದವಾಖಾನೆಯ ಚೀಟಿ ಬಿಚ್ಚಿದರು. "ಹೊಲಿಗಿ ಹಾಕಿದ್ದು ಮೇ ಹದಿನಾಲ್ಕಕ್ಕ. ಮೇದಾಗ ಆದ ಗಾಯ ಮಾರ್ಚ್ ಕಾಗದದ ಮ್ಯಾಲೆ ಹ್ಯಾಂಗ ಬಂತು?"

ನಾನು ಅಸದನ ಕಡೆ ತಿರುಗಿ ಕಣ್ಣು ಕೆಂಪು ಮಾಡಿದೆ. ಅವನು ಬೆವರೊರೆಸಿಕೊಳ್ಳುತ್ತ, "ಅಲ್ಲಾನ ಆಣಿ, ನಾ ಒತ್ತಿಸಿಕೊಂಡಿದ್ದು ವಾರಸಾ ಕಾಗದಕ್ಕ ಒಂದೇ" ಎಂದ.

"ಅಸದ ಅಲ್ಲ" ಎಂದರು ಆಪಾ. "ಅಂವ ಇಲ್ಲಿ ಬಂದು ಒಂದು ವರ್ಷ ಆಗಿಲ್ಲ. ಕಳ್ಳಕಾಗದ ಮಾಡಾಂವ ಆಗಿದ್ರ ದಶರಥಂದೇ ಹೆಬ್ಬೆಟ್ಟು ಬೇಕಂತ ತಿಳಕೊಂಡು, ಸತ್ತಾಂವನದು ಸಿಗದ ಯಾರದೋ ಒತ್ತಸ್ತಿದ್ದ. ಈ ಕಾಗದ ಮಾಡಿದಾಂವಗ ಹಳೇ ಫಾರ್ಮಿಗೆ ಕೂಡೋದು ಹೆಂಡತಿ ಬೆರಳು ಅಂತ ಗೊತ್ತಿತ್ತು. ಎಂಟು ವರ್ಷ ಅದನ್ನ ಕಣ್ಣಾರೆ ಕಂಡು ಸುಮ್ಮನಿದ್ದಾಂವ ಫಾರ್ಮು ಬರದಾಂವ ಒಬ್ಬನೇ."

ರಾಮಲಿಂಗ ಆಗಲೇ ಅಳುತ್ತಿದ್ದ. ಎದೆಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನೆಲದ ಮೇಲಿಟ್ಟ. ಸಂಘಪಾಲ ಬಿಡಿಸಿದರು. ಮಾಣಿಕಮ್ಮನ ಹೆಬ್ಬೆಟ್ಟು, ಗಾಯವಿಲ್ಲದ್ದು. ಮೇಲೆ 'ಪೂರ್ತಿ ಸರಕಾರಿ ಬಾಂಡಿಗೆ'.

"ಯುಗಾದಿ ದಿನ ಇದೇ ಮನ್ಯಾಗ ಉಂಡು, ಇಲ್ಲೇ ಬರಕೊಂಡೆ" ಎಂದ. "ಹೋಳಗಿ ಡಬ್ಬಿ ಜೋಡಿ ಚೀಲದಾಗ ಇಟ್ಟೆ, ಅಲ್ಲೇ ಉಳೀತು. ಬಂದದ ಅಂತ ರಜಿಸ್ಟರಿನಾಗ ಬರದಿದ್ದೆ. ಫಂಡಿನವರಿಗೆ ಕಳಿಸಿಲ್ಲ, ಅದಕ್ಕ ರೊಕ್ಕ ಹಳೇ ಷೇರಿನಾಗೇ ಉಳದದ ಅಂತ ಮೇದಾಗ ಗೊತ್ತಾತು, ನೌಕರಿ ಹೋಗ್ತದ ಅಂತ ಬಾಯಿ ಮುಚ್ಚಿದೆ. ಚೀಟಿ ಬಂದಾಗ ದಶರಥ ಓಡಿ ಬಂದು ಕೇಳಿದ. ನೀನೇ ಷೇರ್ ಅಂದಿದ್ದಿ ಅಂದೆ. ಅಂವ ಸತ್ತ ಮ್ಯಾಲೆ ತಕರಾರು ಬಂದ್ರ ತೋರಸಾಕ ಇರಲಿ ಅಂತ ಕಂಪನಿ ಕಾಗದದ ನಡುವ ಷೇರಿನ ಫಾರ್ಮು ಸೇರಿಸಿ ಈಕಿ ಬೆರಳು ತಗೊಂಡೆ. ಇದನ್ನ ಹರಿಯಾಕ ಕೈ ಏಳಲಿಲ್ಲ, ಮನ್ಯಾಗ ಇಡಾಕ ಅಂಜಿಕಿ. ದಿನಾ ಮಧ್ಯಾಹ್ನ ದಶರಥ ಟೇಬಲ್ ಮುಂದ ಬಂದು ನಿಂದರ್ತಾನ್ರಿ. ಅದಕ್ಕೇ ಗೋಡಿ ಕಡಿ ಮುಖ ಮಾಡಿ ಕುಂದರ್ತೀನಿ."

ನಾನು ತಟ್ಟನೆ ಬಾಗಿಲಿನ ಕಡೆಗೆ ನೋಡಿದೆ. ಈ ಮಾತನ್ನು ಮಾಣಿಕಮ್ಮ ಅವನಿಗೆ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಏಪ್ರಿಲ್‌ನಿಂದ ಬಾಂಡಿನಲ್ಲಿದ್ದಂತೆಯೇ ಲೆಕ್ಕ ಹಿಡಿದು ಹಣ ತುಂಬಿಸಿಕೊಡುವುದು ಕಂಪನಿಯ ಹೊಣೆ ಎಂದರು ಸಂಘಪಾಲ. ಮಾಣಿಕಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ರಾಮಲಿಂಗ ಆಕೆಯ ಕಾಲಿಗೆ ಬಿದ್ದ. "ಮಾಫ್ ಮಾಡು ವೈನಿ. ನಾನೇ ಅಂವನ್ನ ಕೊಂದೆ."

ಆಕೆ ಒದೆಯಲಿಲ್ಲ, ಬೈಯಲೂ ಇಲ್ಲ. "ನನಗ್ಯಾಕ ಕೇಳ್ತಿ? ಗೆಳ್ಯಾನ ಮುಂದ ನೀ ಸುಳ್ಳ ಹೇಳ್ದಿ. ನಾ ಹೆಂಡ್ತಿ ಆಗಿ ಅಂವನ್ನೇ ಸುಳ್ಳಬುರುಕ ಅಂದೆ. ಹೊರಗ ನಿನ್ನ ಮಾತು, ಮನ್ಯಾಗ ನನ್ನ ಮಾತು. ಅಂವ ಎಲ್ಲಿಗೆ ಹೋಗಬೇಕಿತ್ತು?" ಎಂದಳು. "ಏಳು. ಇಬ್ರೂ ಕೂಡೇ ಹೋಗಿ ಕೇಳೂಣು."

ಅವಳು ಮುಂದೆ, ಅವನು ಹಿಂದೆ, ದಶರಥನನ್ನು ಮಣ್ಣು ಮಾಡಿದ ಜಾಗದ ಕಡೆಗೆ ಆ ಬಿಸಿಲಲ್ಲಿ ನಡೆದರು. ನಾನೂ ಎದ್ದೆ. ಆಪಾ ನನ್ನ ತೋಳು ಹಿಡಿದು ಕೂರಿಸಿದರು.

"ನಾವು ಬ್ಯಾಡ" ಎಂದರು.