ಸಿಳ್ಳೆ ಇಲ್ಲದ ದಿನದ ಪಾರಿವಾಳಗಳು

“ಇಲ್ಲಿ ಉಸಿರಾಡೋಕೂ ಜಾಗ ಇಲ್ವಲ್ಲೇ,” ಎಂದು ತಾತ ಕೆಂಪು ಪೆನ್ಸಿಲಿನಿಂದ ಹಾಳೆಯ ಎಡಬದಿಯನ್ನು ತಟ್ಟಿದರು. “ಅಕ್ಷರಗಳೆಲ್ಲ ಅಂಚಿಗೆ ಬಂದು ನೂಕಾಡ್ತಿವೆ. ಮಾರ್ಜಿನ್ ಬಿಡು.”

ಚೂಟಿ ಅಮ್ಮನ ಲ್ಯಾಪ್‌ಟಾಪಿನಲ್ಲಿ ಮಾರ್ಜಿನ್ ಸರಿಮಾಡಿದಳು. ಪ್ರಬಂಧ ಒಂದು ಪುಟ ಉದ್ದವಾಯಿತು.

“ನೋಡು ತಾತ, ನಿನ್ನಿಂದ ಒಂದು ಪೇಜ್ ಜಾಸ್ತಿ ಆಯ್ತು.”

“ನಿಮ್ಮ ಮಿಸ್‌ಗೆ ಕಣ್ಣುನೋವು ಕಮ್ಮಿ ಆಯ್ತು. ಅದನ್ನ ಹೇಳು.”

ತಾತ ಹಿಂದೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಪುಸ್ತಕ ಅಚ್ಚಾಗುವ ಮೊದಲು ಅದರ ತಪ್ಪುಗಳನ್ನೆಲ್ಲ ಹುಡುಕಿ ತೆಗೆಯುವುದು ಅವರ ಕೆಲಸ. ಈಗ ಕೈಗೆ ಸಿಗುವುದು ಮೊಮ್ಮಗಳ ಬರವಣಿಗೆ ಮಾತ್ರ. ಸಿಕ್ಕಿದ್ದನ್ನು ಸುಮ್ಮನೆ ಬಿಡುವ ಜಾಯಮಾನ ಅವರದಲ್ಲ. ಚೂಟಿ ಆಸೆಪಟ್ಟು ಹಾಕಿದ್ದ ಬಳ್ಳಿ ಬಳ್ಳಿ ಫಾಂಟನ್ನೂ ತೆಗೆಸಿಬಿಟ್ಟರು.

“ಓದೋರು ಪಾರಿವಾಳ ನೋಡ್ಬೇಕೋ, ನಿನ್ನ ಬಳ್ಳಿ ನೋಡ್ಬೇಕೋ?”

ಚೂಟಿ ನಕ್ಕಳು. ಆದರೆ ಅವಳ ಕಣ್ಣು ತಾತನ ಕೈಯಲ್ಲಿದ್ದ ಹಾಳೆಗಳ ಮೇಲೇ ಇತ್ತು. ಇನ್ನೊಂದು ಹಾಳೆ ತಿರುವಿದರೆ ಆ ಸಾಲು ಬರುತ್ತದೆ.

ಪ್ರಬಂಧದ ಹೆಸರು ‘ಪಾರಿವಾಳಗಳು ಸಿಳ್ಳೆಗೆ ಬರುತ್ತವೆಯೇ?’ ತಾತ ದಿನಾ ಸಂಜೆ ತಾರಸಿಗೆ ಹೋಗಿ ಸಿಳ್ಳೆ ಹಾಕುತ್ತಾರೆ, ಪಾರಿವಾಳಗಳು ಬರುತ್ತವೆ, ತಾತ ಕಾಳು ಚೆಲ್ಲುತ್ತಾರೆ. “ನನ್ನ ಸಿಳ್ಳೆ ಕೇಳ್ದೆ ಇದ್ರೆ ಅವು ಈ ಕಡೆ ತಲೆ ಹಾಕಿಯೂ ಮಲಗಲ್ಲ,” ಎಂದು ಪಕ್ಕದ ಮನೆಯವರಿಗೆ, ಹಾಲಿನವನಿಗೆ, ಬಂದ ನೆಂಟರಿಗೆಲ್ಲ ಹೇಳಿದ್ದಾರೆ. ಅದಕ್ಕೇ ಚೂಟಿ ಈ ವಿಷಯ ಆರಿಸಿಕೊಂಡಿದ್ದಳು. ದಿನಾ ಮೂಲೆಯಲ್ಲಿ ಕೂತು ಪಾರಿವಾಳ ಎಣಿಸಿದ್ದಳು.

ಅಷ್ಟರಲ್ಲಿ ತಾತನ ಮುಂದಿನ ಹಲ್ಲು ಕೀಳಬೇಕಾಯಿತು. ತುಟಿ, ಕೆನ್ನೆ ಬನ್ನಿನ ಹಾಗೆ ಊದಿಕೊಂಡವು. ಇನ್ನು ಸಿಳ್ಳೆ ಎಲ್ಲಿಂದ ಬರಬೇಕು? ತಾತ ಮಲಗಿದರು. ಕೆಲವು ದಿನ ಕಾಳಿನ ಡಬ್ಬಿ ಹಿಡಿದು ಚೂಟಿ ಒಬ್ಬಳೇ ತಾರಸಿಗೆ ಹೋದಳು.

ಪಾರಿವಾಳಗಳು ಬಂದವು. ದಿನಾ ಬರುವಷ್ಟೇ ಬಂದವು. ಒಂದು ಸಂಜೆಯಂತೂ ಎರಡು ಜಾಸ್ತಿಯೇ ಇದ್ದವು.

ಮೊದಲ ಸಂಜೆ ಅವಳು ಕೆಳಗಿಳಿದು ಬಂದಾಗ ತಾತ ಕೆನ್ನೆ ಹಿಡಿದುಕೊಂಡೇ ಕೇಳಿದ್ದರು, “ಬಂದ್ವೇನೇ?”

ಅವರ ಮುಖ ನೋಡಿ ಚೂಟಿಗೆ ನಿಜ ಹೇಳಲು ಬಾಯಿ ಬರಲಿಲ್ಲ. “ಎಲ್ಲಿ ಬಂದ್ವು ತಾತ. ಒಂದೋ ಎರಡೋ ಬಂದು, ಅತ್ತಿತ್ತ ನೋಡಿ ಹಾರಿಹೋದ್ವು,” ಅಂದಿದ್ದಳು. ಅಷ್ಟು ನೋವಿನಲ್ಲೂ ತಾತ ನಕ್ಕಿದ್ದರು.

ಪ್ರಬಂಧದಲ್ಲೂ ಅದನ್ನೇ ಬರೆದಳು: ‘ಸಿಳ್ಳೆ ಇಲ್ಲದ ದಿನ ಪಾರಿವಾಳಗಳು ಬರುವುದು ಕಡಿಮೆ.’ ಆದರೆ ಕೋಷ್ಟಕದಲ್ಲಿ ಸುಳ್ಳು ಅಂಕಿ ತುಂಬಲು ಕೈ ಏಳಲಿಲ್ಲ. ಒಂದೊಂದನ್ನೂ ಕಣ್ಣಾರೆ ನೋಡಿ ಎಣಿಸಿದ್ದಳಲ್ಲ. ಹಾಗಾಗಿ ಕೋಷ್ಟಕವನ್ನು ಸಣ್ಣ ಅಕ್ಷರದಲ್ಲಿ ಕೊನೆಯ ಪುಟಕ್ಕೆ ತಳ್ಳಿದ್ದಳು.

ತಾತ ಈಗ ಆ ಸಾಲಿಗೆ ಬಂದರು. “ಇದರ ಲೆಕ್ಕ ಎಲ್ಲೋ ಕೊನೇಲಿ ಬಿದ್ದಿದೆಯಲ್ಲ. ಮಾತಿನ ಪಕ್ಕದಲ್ಲೇ ಇರ್ಬೇಕು ಅದು.”

“ಅಲ್ಲೇ ಇರ್ಲಿ ತಾತ. ಅಲ್ಲೇ ಚೆನ್ನಾಗಿದೆ.”

ತಾತ ಕೇಳಬೇಕಲ್ಲ. ಕೊನೆಯ ಹಾಳೆ ಎಳೆದು ಪಕ್ಕಕ್ಕೆ ಇಟ್ಟುಕೊಂಡರು. ಒಂದು ಬೆರಳು ಸಾಲಿನ ಮೇಲೆ, ಇನ್ನೊಂದು ಕೋಷ್ಟಕದ ಮೇಲೆ. ಎರಡು ಬೆರಳೂ ನಿಂತುಬಿಟ್ಟವು.

“ಇವೆರಡೂ ಒಂದೇ ಮಾತು ಹೇಳ್ತಿಲ್ಲ. ಯಾವುದು ನಿಜ?”

ಚೂಟಿಯ ಕಣ್ಣು ತುಂಬಿ ಬಂತು. “ಕೋಷ್ಟಕ. ನಿಂಗೆ ಬೇಜಾರಾಗುತ್ತೆ ಅಂತ ಹಾಗೆ ಬರೆದೆ.”

ತಾತ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ತುಂಬಾ ಹೊತ್ತು ಒರೆಸಿದರು. ಪ್ರಬಂಧ ಹರಿದು ಬಿಸಾಕಿಬಿಡೋಣ ಅನ್ನಿಸಿತು ಚೂಟಿಗೆ.

“ಇಷ್ಟು ದಿನ ಎಲ್ಲರಿಗೂ ಡಂಗುರ ಸಾರ್ಕೊಂಡು ಬಂದೆನಲ್ಲೇ,” ಎಂದರು ತಾತ ಮೆಲ್ಲಗೆ. ಮತ್ತೆ ಕೋಷ್ಟಕ ನೋಡಿದರು. “ಎರಡು ಜಾಸ್ತಿ ಬೇರೆ ಬಂದಿದ್ವಾ? ತಾತನ ಹಲ್ಲು ಹೇಗಿದೆ ಅಂತಾದ್ರೂ ಕೇಳಿದ್ವಾ?”

ಅಳುವಿನ ನಡುವೆಯೇ ಚೂಟಿಗೆ ನಗು ಬಂತು.

ತಾತ ಕೆಂಪು ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. ಅದನ್ನು ಅವರು ಯಾರಿಗೂ ಮುಟ್ಟಗೊಡುವವರಲ್ಲ. “ನೋಡಿದ್ದು ನೀನು. ನೀನೇ ತಿದ್ದು.”

ಚೂಟಿ ಸಾಲನ್ನು ಹೊಡೆದು ಹಾಕಿ ಬರೆದಳು: ‘ಸಿಳ್ಳೆ ಇಲ್ಲದ ದಿನವೂ ಪಾರಿವಾಳಗಳು ಎಂದಿನಂತೆ ಬಂದವು.’ ತಾತ ಎರಡು ಸಲ ಓದಿದರು. “ಈಗ ಸರಿಹೋಯ್ತು,” ಅಂದರು. “ಪೇಜ್ ನಂಬರ್ ಹಾಕೋದು ಮರೀಬೇಡ.”

ಸಂಜೆ ಇಬ್ಬರೂ ತಾರಸಿಗೆ ಹೋದರು. ಪಾರಿವಾಳಗಳು ಆಗಲೇ ಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ತಾತ ಸಿಳ್ಳೆ ಹಾಕದೆ ಡಬ್ಬಿ ತೆಗೆದು ಕಾಳು ಚೆಲ್ಲಿದರು. ರೆಕ್ಕೆಯ ಸದ್ದು, ಕಾಳು ಕುಟುಕುವ ಸದ್ದು ಎಲ್ಲ ಇತ್ತು. ಆದರೂ ಚೂಟಿಗೆ ತಾರಸಿ ಬಿಕೋ ಅನ್ನಿಸಿತು.

“ಸಿಳ್ಳೆ ಹಾಕು ತಾತ.”

“ಯಾಕೆ? ಅವಕ್ಕೆ ಬೇಡ ಅಂತ ಆಯ್ತಲ್ಲ.”

“ನಂಗೆ ಬೇಕು.”

ತಾತ ಅವಳನ್ನು ಒಮ್ಮೆ ನೋಡಿ ತುಟಿ ಚೂಪು ಮಾಡಿದರು. ಹಲ್ಲಿಲ್ಲದ ಸಂದಿಯಿಂದ ಅರ್ಧ ಸಿಳ್ಳೆ, ಅರ್ಧ ಗಾಳಿ ಬಂತು. ಇನ್ನೊಮ್ಮೆ ಹಾಕಿದರು. ಈ ಸಲ ಚೂರು ವಾಸಿ.

ಒಂದು ಪಾರಿವಾಳವೂ ತಲೆ ಎತ್ತಲಿಲ್ಲ. ಚೂಟಿ ಇವತ್ತು ಅವನ್ನು ಎಣಿಸಲೂ ಇಲ್ಲ. ತಾತನ ತೋಳಿಗೆ ಒರಗಿ ನಿಂತು, ತಾನೂ ತುಟಿ ಚೂಪು ಮಾಡಿ ಊದಿ ನೋಡಿದಳು.