ಮುಂಗಿವಿ

ಮುದುಕ ಮಾತಿನ ನಡುವೆ ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ದಾಕ್ಷಾಯಣಿ ಡಾಕ್ಟರ ಕಡೆ ತಿರುಗಿದಳು. “ಮೆಟ್ಟಲಾ ಹತ್ತಿದ್ರ ಎದಿ ಹಿಡಕೋತದಂತ್ರೀ. ಎಡಗೈಗೂ ನೋವು ಇಳೀತದಂತ.”

ಮುದುಕ ಅದೇ ಮಾತನ್ನು ಫ್ರೆಂಚಿನಲ್ಲಿ ನಿಧಾನವಾಗಿ ಮುಗಿಸಿ ಎಡಗೈ ತೋರಿಸಿದ.

“ಅವರಿಗಿಂತ ಮೊದಲ ನೀವ ಹೇಳ್ತೀರಲ್ಲ!” ಡಾಕ್ಟರು ನಕ್ಕರು. “ಇನ್ನ ಪೇಶೆಂಟ್ ಯಾಕ ಬೇಕ್ರೀ? ನಿಮ್ಮನ್ನ ಕೇಳಿದ್ರ ಮುಗೀತು.”

ಹುಬ್ಬಳ್ಳಿಯ ಆ ಹೃದ್ರೋಗ ಆಸ್ಪತ್ರೆಗೆ ಸೆನೆಗಲ್, ಮಾಲಿ, ಐವರಿ ಕೋಸ್ಟಿನಿಂದ ರೋಗಿಗಳು ಬರತೊಡಗಿ ಹತ್ತಾರು ವರ್ಷಗಳಾಗಿದ್ದವು. ಮೊದಲು ಸ್ವಾಗತದ ಮೇಜಿನಲ್ಲಿದ್ದ ದಾಕ್ಷಾಯಣಿಗೆ ದುಭಾಷಿಯಾಗುವ ಆಸೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಣಹಾಕುವಾಗ, ಎಲ್ಲೆಂದರಲ್ಲಿ ಫ್ರೆಂಚ್ ಸಂಭಾಷಣೆಗಳನ್ನು ಕಿವಿಗೆ ಹಾಕಿಕೊಂಡು ಕೇಳಿದ್ದಳು. ಆದರೆ ಆ ಭಾಷೆ ಅವಳ ಓಣಿಯ ನಲ್ಲಿ ನೀರಿನಂತೆ, ಕೊಡ ಇಡುವಷ್ಟರಲ್ಲಿ ಹರಿದು ಹೋಗಿರುತ್ತಿತ್ತು. ಆಮೇಲೆ ಬಂದದ್ದು ಮುಂಗಿವಿ.

ಕಿವಿಯ ಹಿಂದೆ ಅಂಟಿಕೊಳ್ಳುವ, ಅವರೆಕಾಳಿನಷ್ಟು ಸಾಧನ. ಅದನ್ನು ರೂಪಿಸಿದ ಡಾ. ವಸುಮತಿ ಮೈಸೂರಿನವರು. ಮೊದಲ ದಿನವೇ ಅವರು ವಿವರಿಸಿದ್ದರು: “ಕೇಳೋದು ಅಂದ್ರೆ ಅರ್ಧ ಊಹೆ ಕಣಮ್ಮ. ಕನ್ನಡದಲ್ಲಿ ಎದುರಿನವರು ಬಾಯಿ ತೆಗೆದ ಕೂಡಲೇ ಮುಂದಿನ ಪದ ನಮ್ಮ ಮಿದುಳಿಗೆ ಹೊಳೆದಿರುತ್ತೆ. ಕಲಿತ ಭಾಷೆಯಲ್ಲಿ ಹೊಳೆಯಲ್ಲ, ಅದಕ್ಕೇ ಮುಳುಗಿ ಹೋಗ್ತೀವಿ.” ಮುಂಗಿವಿ ಫ್ರೆಂಚ್ ವಾಕ್ಯಗಳನ್ನು ಕೇಳಿಸುತ್ತ, ಕೊನೆಯ ತುಣುಕನ್ನು ತಡೆಹಿಡಿಯುತ್ತಿತ್ತು. ಕೇಳುಗರ ಊಹೆ ಸರಿಯಾದರೆ ಮಿದುಳಿನಲ್ಲಿ ಸುಖ ಹುಟ್ಟಿಸುವ ನರಗಳಿಗೆ ನವಿರಾದ ಮಿಡಿತವೊಂದನ್ನು ಕಳಿಸುತ್ತಿತ್ತು. ಊಹಿಸುವುದೇ ರುಚಿಯಾಗುತ್ತಿತ್ತು. ಒಂದೇ ತಿಂಗಳಲ್ಲಿ ದಾಕ್ಷಾಯಣಿಗೆ ಫ್ರೆಂಚ್ ಕೇಳುವುದೆಂದರೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗಾಯಿತು.

ಆ ರುಚಿ ಫ್ರೆಂಚಿನಲ್ಲಷ್ಟೇ ನಿಲ್ಲಲಿಲ್ಲ.

ಅವಳ ಗಂಡ ಗುರುಶಾಂತ ದರ್ಜಿ. ಅವನಿಗೆ ಚಿಕ್ಕಂದಿನಿಂದ ಉಗ್ಗು. ಕನ್ಯೆ ನೋಡಲು ಬಂದ ದಿನ, “ಹುಡುಗಿಗೆ ಏನರ ಕೇಳಪಾ” ಎಂದು ಹಿರಿಯರು ಒತ್ತಾಯಿಸಿದಾಗ ಅವನು “ನಿ... ನಿ...” ಎಂದು ತಡೆದು ನಿಂತಿದ್ದ. “ನಿಮಗ ಹಾಡಾಕ ಬರ್ತದೇನು ಅಂತ ಕೇಳಾಕತ್ತಾನ,” ಎಂದಿದ್ದ ಅವನ ಸೋದರಮಾವ. “ನಿಮ್ಮ ಓದು ಎಲ್ಲೀತನಾ ಆತು ಅಂತ,” ಎಂದಿದ್ದಳು ಅತ್ತೆ. ದಾಕ್ಷಾಯಣಿ ಇಬ್ಬರಿಗೂ ಉತ್ತರಿಸದೆ, ಅವನ ಬಾಯಿಯನ್ನು ನೋಡದೆ, ಮಡಿಲ ಮೇಲಿದ್ದ ಅವನ ಬೆರಳುಗಳನ್ನು ನೋಡುತ್ತ ಕಾದಿದ್ದಳು. ಪ್ರಶ್ನೆ ಕೊನೆಗೂ ಬಂತು: “ನಿಮಗ ನನ್ನ ಮಾತು ಕೇಳಿ ಬ್ಯಾಸರ ಆಗೂದಿಲ್ಲಾ?”

ಆಗುವುದಿಲ್ಲ ಎಂದಿದ್ದಳು. ಅಂದಿನಿಂದ ಅವನು ಪೂರ್ತಿ ಮಾತಾಡುತ್ತಿದ್ದದ್ದು ಅವಳೊಬ್ಬಳ ಮುಂದೆ.

ಮೊನ್ನೆ ಮೊನ್ನೆ ಅವನು “ನನಗ ಕ... ಕಣ್ಣು...” ಎಂದು ಶುರುಮಾಡಿದ. “ಉರಿಯಾಕತ್ತಾವ? ನಿದ್ದಿ ಕಮ್ಮಿ ಆಗೇದ. ಮಲಗ್ರಿ,” ಎಂದಳು. ಮರುದಿನ “ಸೂ... ಸೂಜಿ...” ಎಂದ. “ಮುರೀತಾ? ಡಬ್ಬ್ಯಾಗ ಅವ ತಗೋರಿ.” ಹೇಳಿದ ಮೇಲೆ ತಲೆಯೊಳಗೆ ಆ ಸಣ್ಣ ಸುಖ. ಸಾಧನ ಆಗ ಕಿವಿಯ ಹಿಂದೆ ಇರಲೂ ಇಲ್ಲ.

ಗುರುಶಾಂತ ಬರಬರುತ್ತ ತಲೆಯಾಡಿಸಿ ಉತ್ತರಿಸತೊಡಗಿದ. ಒಂದು ತೋಳನ್ನು ಒಳಮಗ್ಗುಲು ಹೊರಗಾಗಿ ಹೊಲಿದ ಶಾಲೆಯ ಅಂಗಿಯೊಂದು ವಾಪಸು ಬಂದಾಗ ಅವಳಿಗೆ ವಿಷಯ ತಿಳಿಯಿತು. ಅವನ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಯ ಕಣ್ಣು ಕಾಣುತ್ತಿರಲಿಲ್ಲ.

“ಹೇಳಬಾರದೇನ್ರೀ?” ಎಂದಳು. ಅವನು ಅವಳನ್ನೇ ನೋಡಿದ.

ಮರುದಿನ ಇಬ್ಬರೂ ಡಾ. ವಸುಮತಿಯವರ ಕೋಣೆಯಲ್ಲಿದ್ದರು.

“ಫ್ರೆಂಚ್ ಇರಲಿ ರೀ ಮೇಡಂ. ಕನ್ನಡದಾಗ ಮಾತ್ರ ಈ ಊಹಿಸೂ ಚಟ ತಗೀರಿ,” ಎಂದಳು ದಾಕ್ಷಾಯಣಿ.

“ತೆಗೆಯೋಕಾಗಲ್ಲಮ್ಮ. ಮಿದುಳು ಭಾಷೆಗೊಂದು ಕೋಣೆ ಕಟ್ಟಿಕೊಂಡಿರಲ್ಲ. ತಡೆದುಕೊಳ್ಳೋದು ನಿಮಗೇ ಬಿಟ್ಟಿದ್ದು, ಅದು ಕಷ್ಟ.” ವಸುಮತಿ ಖಾನೆಯಿಂದ ತೆಳುವಾದ ಪಟ್ಟಿಯೊಂದನ್ನು ತೆಗೆದು ಗುರುಶಾಂತನ ಮುಂದಿಟ್ಟರು. “ಆದ್ರೆ ಇದಿದೆ. ಗಂಟಲಿಗೆ ಅಂಟಿಸಿಕೊಂಡ್ರೆ ಸಾಕು. ನೀವು ಮೊದಲ ಅಕ್ಷರ ಹಿಡಿದ ಕೂಡಲೇ ಉಳಿದದ್ದನ್ನ ಅದೇ ಊಹಿಸಿ, ನಿಮ್ಮ ದನೀಲೇ ಹೇಳುತ್ತೆ. ಇವರು ಕಾಯೋದೇ ಬೇಡ.”

“ತಪ್ಪು ಊಹಿಸಿದ್ರ?” ದಾಕ್ಷಾಯಣಿ ಕೇಳಿದಳು.

“ಒಂದೊಂದು ಸಲ ಆಗುತ್ತೆ. ಜನ ಹೊಂದಿಕೊಳ್ತಾರೆ. ನಮ್ಮ ತಾತಂದಿರ ಕಾಲದಲ್ಲಿ ಫೋನಲ್ಲಿ ಎರಡಕ್ಷರ ಒತ್ತಿದ್ರೆ ಉಳಿದ ಮಾತನ್ನ ಅದೇ ಮುಂದೆ ಇಡ್ತಿತ್ತಂತೆ. ತಾವು ಹೇಳಬೇಕು ಅಂದುಕೊಂಡಿದ್ದು ಬಿಟ್ಟು, ಅದು ಕೊಟ್ಟಿದ್ದನ್ನೇ ಕಳಿಸಿಬಿಡ್ತಿದ್ರಂತೆ. ಒಬ್ಬರಾದ್ರೂ ಬೇಡ ಅಂದ್ರಾ?”

ಗುರುಶಾಂತ ಪಟ್ಟಿಯನ್ನು ಕೈಗೆತ್ತಿಕೊಂಡು, ಬಟ್ಟೆಯ ನಯ ನೋಡುವವನಂತೆ ಬೆರಳುಗಳ ನಡುವೆ ತಿಕ್ಕಿದ. ಮತ್ತೆ ಮೇಜಿನ ಮೇಲಿಟ್ಟ.

“ನ... ನ...”

“ನನಗೂ ಒಂದು ಕೊಡಿ ಅಂತೀರಾ?” ವಸುಮತಿ ಪ್ರೀತಿಯಿಂದಲೇ ಕೇಳಿದರು.

ದಾಕ್ಷಾಯಣಿಯ ನಾಲಗೆಯ ತುದಿಗೂ ಒಂದು ಮಾತು ಬಂದು ನಿಂತಿತ್ತು. ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಅವನ ಬಾಯಿಯಿಂದ ಕಣ್ಣು ಕಿತ್ತು ಬೆರಳುಗಳ ಮೇಲಿಟ್ಟಳು. ಹೊರಗೆ ಲಿಫ್ಟು ಬಂದು, ಬಾಗಿಲು ತೆರೆದು, ಯಾರನ್ನೋ ಇಳಿಸಿ, ಮುಚ್ಚಿಕೊಂಡು ಹೋಯಿತು.

“ನನಗ ಬ್ಯಾಡ,” ಎಂದ ಗುರುಶಾಂತ.