ಮೇಷ್ಟ್ರ ಕೋಟಿನ ಟೋಕನ್

ಯೂರೋಪಿನ ಇಪ್ಪತ್ತೇಳು ದೇಶಾನ ಆರು ತಿಂಗಳು ಆಳಿದವಳು ನಾನು ಕಣೇ ದುನ್ಯಾ! ನಗಬೇಡ. ಸರಿ, ಅರ್ಧ ಸುಳ್ಳು. ಯೂರೋಪ್ ಒಕ್ಕೂಟದ ಅಧ್ಯಕ್ಷಗಿರಿ ಆರಾರು ತಿಂಗಳ ಸರದಿ ಪ್ರಕಾರ ನಮ್ಮ ಕ್ರೊಯೇಷಿಯಾಕ್ಕೆ ಬಂದಿತ್ತು. ಝಾಗ್ರೆಬ್ ಸಭಾಂಗಣದಲ್ಲಿ ಮಂತ್ರಿಗಳ ಕೋಟು ಇಸ್ಕೊಂಡು ಟೋಕನ್ ಕೊಡೋಳು ನಾನು. ನಾನು ಕೋಟು ವಾಪಸ್ ಕೊಡ್ದೇ ಇದ್ದಿದ್ರೆ ಆ ಚಳೀಲಿ ಒಂದು ದೇಶಾನೂ ಮನೆ ಸೇರ್ತಿರ್ಲಿಲ್ಲ!

ಅಲ್ಲಿಗೆ ಬರ್ತಿದ್ರು ವಿಂಕೊ ಮೇಷ್ಟ್ರು. ಪಕ್ಕದ ಸ್ಲೊವೇನಿಯಾದಲ್ಲಿ ಕಾಲೇಜು ಪಾಠ ಹೇಳೋರು, ನನ್ನ ಹಾಗೇ ಒಂಟಿ. ನಮ್ಮ ದೇಶ ಅಧ್ಯಕ್ಷಗಿರಿ ಹೇಗೆ ನಿಭಾಯಿಸ್ತು ಅಂತ ವರದಿ ಬರೆಯೋ ಕೆಲಸ. ಕೋಟು ಬಿಚ್ಚೋಕೆ ಅಷ್ಟು ಹೊತ್ತು ತಗೊಳ್ಳೋ ಗಂಡಸನ್ನ ನಾನು ನೋಡೇ ಇಲ್ಲ. ಒಂದೊಂದು ಗುಂಡಿಗೂ ಒಂದೊಂದು ಸಲ ನನ್ನ ಮುಖ ನೋಡೋರು.

"ಏನ್ರೀ ಮೇಷ್ಟ್ರೇ, ಒಳಗೆ ಸಭೆ ಮುಗಿದೇ ಹೋಗತ್ತೆ!"

"ಹೋಗ್ಲಿ ಬಿಡಿ ಯಾಗೊಡಾ. ನೋಡ್ಬೇಕಾದ್ದು ಹೊರಗೇ ಇದೆಯಲ್ಲ."

ಆ ದಿನ ಹೀಟರ್ ಆರಿಸಿದ್ರೂ ನಡೀತಿತ್ತು. ನನ್ನ ಕೆನ್ನೇನೇ ಸಾಕಾಗಿತ್ತು ಇಡೀ ಕಟ್ಟಡಕ್ಕೆ.

ಮಾರ್ಚಲ್ಲಿ ವೈರಸ್ಸು ಬಂತು. ಗಡಿ ಮುಚ್ತಾರಂತೆ ಅಂತ ಫೋನ್ ಬಂದಿದ್ದೇ, ಮೇಷ್ಟ್ರು ಶರ್ಟಲ್ಲೇ ಓಡಿದ್ರು. "ಕೋಟು ಜೋಪಾನ! ಟೋಕನ್ ನನ್ನ ಹತ್ರಾನೇ ಇದೆ!" ಸಭಾಂಗಣಕ್ಕೆ ಬೀಗ ಬಿತ್ತು. ಕೋಟನ್ನ ಮನೆಗೆ ತಂದು ಬಾಗಿಲ ಹಿಂದಿನ ಮೊಳೆಗೆ ಹಾಕ್ದೆ. ಗಂಡಸಿನ ಕೋಟೊಂದು ನೇತಾಡ್ತಿದ್ರೆ ಮನೆ ಎಷ್ಟು ಬೆಚ್ಚಗಿರತ್ತೆ ಗೊತ್ತಾ?

ಆಮೇಲೆ ಭೂಕಂಪ. ಕೈಗೆ ಸಿಕ್ಕಿದ ಅದೇ ಕೋಟು ಹಾಕ್ಕೊಂಡು ಬೀದಿಗೆ ಓಡಿದ್ರೆ, ಹಿಮ ಉದುರ್ತಿದೆ, ಆಸ್ಪತ್ರೆ ಮುಂದೆ ಒಬ್ಬಳು ಬಾಣಂತಿ ಎಳೇ ಕೂಸು ಹಿಡ್ಕೊಂಡು ನಡುಗ್ತಾ ನಿಂತಿದಾಳೆ. ಬಿಚ್ಚಿ ಹೊದಿಸ್ದೆ. ಕೋಟು ಅವಳ ಜೊತೆ ಹೋಯ್ತು.

ಜೂನ್ ಕೊನೇಲಿ, ನಮ್ಮ ಸರದಿ ಮುಗಿದು ಜರ್ಮನಿಗೆ ಹೋಗೋ ಹೊತ್ತಲ್ಲಿ, ಸಭಾಂಗಣದ ಬೀಗ ತೆಗೆದಿದ್ರು; ಮೇಷ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತ್ರು.

"ವರದಿ ಆಯ್ತಾ? ನಮ್ಮ ದೇಶ ಪಾಸಾ, ಫೇಲಾ?"

"ಪಾಸು. ದೊಡ್ಡ ಕೆಲಸ ಯಾವುದೂ ಆಗ್ಲಿಲ್ಲ. ಅರ್ಧ ಕಾಲ ಪರದೆ ಮೇಲೆ ಮಾತಾಡೋದ್ರಲ್ಲೇ ಕಳೀತು. ಆದ್ರೆ ಅಂಥಾ ಕಷ್ಟದಲ್ಲೂ ಕುರ್ಚಿ ಬೀಳೋಕೆ ಬಿಡ್ಲಿಲ್ಲ." ಆಮೇಲೆ ಮೆತ್ತಗೆ ಅಂದ್ರು, "ನಮ್ಮಿಬ್ಬರದ್ದೂ ಹಾಗೇ ಆಯ್ತಲ್ಲ."

ಟೋಕನ್ ಮುಂದೆ ಹಿಡಿದ್ರು. ಕೋಟು ಬಾಣಂತಿಗೆ ಕೊಟ್ಟಿದ್ದು ಹೇಳ್ದೆ. ಕಣ್ಣು ತುಂಬ್ಕೊಂಡ್ರು.

"ಒಳ್ಳೇದೇ ಮಾಡಿದ್ರಿ. ಹಾಗಾದ್ರೆ ಈ ಟೋಕನ್ನಿಗೆ ಬದಲಾಗಿ ನೀವೇ ಬಂದ್ಬಿಡಿ. ನನ್ನ ಜೊತೆ ಇರೋಕೆ."

ಎದೆ ಹೂಂ ಅಂತು ಕಣೇ. ಆದ್ರೆ ಈ ಹಾಳು ನಾಲಿಗೆ! ಚುಡಾಯಿಸಿ ಚುಡಾಯಿಸಿ ಅಭ್ಯಾಸ.

"ಅರ್ಜೆಂಟೇನು ಮೇಷ್ಟ್ರೇ? ನಮ್ಮ ದೇಶದ ಸರದಿ ಮತ್ತೆ ಬರ್ಲಿ. ಹದಿನಾಲ್ಕು ವರ್ಷ ಅಷ್ಟೇ ತಾನೇ? ಆಗ ಹೇಳ್ತೀನಿ."

ಯಾವಾಗ್ಲೂ ನಗೋರು, ಅವತ್ತು ನಗ್ಲಿಲ್ಲ. ಟೋಕನ್ನನ್ನ ಅಂಗೈಯಲ್ಲಿ ತಿರುಗಿಸ್ತಾ ನಿಂತ್ರು. ತಮಾಷೆ ಕಣ್ರೀ ಅನ್ನೋ ಮಾತು ನನ್ನ ಬಾಯಿಗೆ ಬರೋಷ್ಟರಲ್ಲಿ ಬಾಗಿಲು ದಾಟಿದ್ರು.

ಅಯ್ಯೋ, ಆ ಮೊಳೆಗೆ ನಿನ್ನ ಚೀಲ ಹಾಕ್ಬೇಡ್ವೇ! ಅದಕ್ಕೆ ನಾನು ಇವತ್ತಿಗೂ ಏನೂ ನೇತುಹಾಕಿಲ್ಲ. ಈಗ ನೀನೇ ಹೇಳು ನೋಡೋಣ: ಹೋಗೋವಾಗ ಟೋಕನ್ನನ್ನ ನನ್ನ ಮೇಜಿನ ಮೇಲೆ ಇಟ್ಟು ಹೋದ್ರಾ, ಜೇಬಿಗೆ ಹಾಕ್ಕೊಂಡು ಹೋದ್ರಾ?